750 ರೂಪಾಯಿಯ ಬಿಡಾರ

ಕೇರಳದ 1963ರ ಭೂಸುಧಾರಣಾ ಕಾನೂನು ಕೂಲಿಯವರ ಮನೆಗೆ ಒಂದು ಬೆಲೆ ಕಟ್ಟಿದೆ. 'ಕುಡಿಕಿಡಪ್ಪು', ಅಂದರೆ ಇನ್ನೊಬ್ಬರ ಜಾಗದಲ್ಲಿ ಅವರ ಒಪ್ಪಿಗೆಯಿಂದ ವಾಸವಿರುವ ಬಿಡಾರ, ಎನ್ನಿಸಿಕೊಳ್ಳಬೇಕಾದರೆ ಆ ಮನೆಯನ್ನು ಕಟ್ಟುವಾಗ 750 ರೂಪಾಯಿಗಿಂತ ಹೆಚ್ಚು ಖರ್ಚಾಗಿರಬಾರದು, ಇಲ್ಲವೇ ಆಗಿನ ಲೆಕ್ಕದಲ್ಲಿ ಅದಕ್ಕೆ ತಿಂಗಳಿಗೆ 5 ರೂಪಾಯಿಗಿಂತ ಹೆಚ್ಚು ಬಾಡಿಗೆ ಹುಟ್ಟುವಂತಿರಬಾರದು. ಈ ಗೆರೆಯ ಒಳಗೆ ಬಿದ್ದವರಿಗೆ 1970ರಿಂದ ಮನೆಯಡಿಯನ್ನು ಕೊಂಡುಕೊಳ್ಳುವ ಹಕ್ಕು ಬಂತು. ಪಂಚಾಯತಿನ ವ್ಯಾಪ್ತಿಯ ಜಾಗವಾದರೆ 10 ಸೆಂಟ್ಸ್. ಕಾಸರಗೋಡಿನ ಅಡಿಕೆ ತೋಟಗಳ ಅಂಚಿನಲ್ಲಿ, ಗುಡ್ಡೆಯ ಬದಿಯಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿರುವ ಕೆಂಪುಕಲ್ಲಿನ ಸಣ್ಣ ಬಿಡಾರಗಳು ಬಹುಮಟ್ಟಿಗೆ ಆ ಗೆರೆಯ ಒಳಗಿನವು.

ಇದೇ ಕೆಂಪುಕಲ್ಲು ಬೇಕಲ ಕೋಟೆಯಲ್ಲಿದ್ದರೆ ಟಿಕೆಟು ಕೊಟ್ಟು ನೋಡುತ್ತೇವೆ. ಧಣಿಗಳ ಗುತ್ತಿನ ಮನೆಯಲ್ಲಿದ್ದರೆ ಫೋಟೋ ತೆಗೆಯುತ್ತೇವೆ. ಬಿಡಾರದಲ್ಲಿದ್ದರೆ, ಯಾವಾಗ ಕೆಡವುತ್ತೀರಿ ಎಂದು ಕೇಳುತ್ತೇವೆ. ಸ್ಮಾರಕಗಳ ಕುರಿತ 1958ರ ಕೇಂದ್ರ ಕಾನೂನು ನೂರು ವರ್ಷದ ವಯಸ್ಸು ಕೇಳುತ್ತದೆ. ಬಿಡಾರಕ್ಕೆ ಶಾಸನವಿಲ್ಲ, ಕಟ್ಟಿದ ಇಸವಿಯಿಲ್ಲ, ಕಟ್ಟಿದವರ ಹೆಸರೂ ಇಲ್ಲ. ಅದು ಚಂದದ ಮನೆ ಎಂದು ವಾದಿಸುವ ಗೋಜಿಗೆ ನಾವು ಹೋಗುವುದಿಲ್ಲ. ಒಳಗೆ ಕತ್ತಲೆ, ಜಂತಿಯ ತುಂಬ ಹೊಗೆಯ ಕರಿ, ತಲೆ ತಗ್ಗಿಸದೆ ಹೊಗಲಾಗದ ಮಾಡು, ಅಂದರೆ ಛಾವಣಿ. ಅದರ ಬೆಲೆ ಇರುವುದು ಗೋಡೆಯಲ್ಲಿ. ಕಲ್ಲು ಕಡಿದವರು, ಸುಣ್ಣಕ್ಕೆ ಚಿಪ್ಪಿ ಸುಟ್ಟವರು, ಗದ್ದೆ ತೋಟಗಳಲ್ಲಿ ದುಡಿದವರು ಕಾಗದದಲ್ಲಿ ಬಿಟ್ಟುಹೋದದ್ದು ತೀರ ಕಡಿಮೆ; ಅವರ ಕೈಬರಹ ಏನಿದ್ದರೂ ಈ ಕಲ್ಲಿನ ಮೇಲಿದೆ. ಅದನ್ನು ಅಳಿಸುವುದು ಜೆಸಿಬಿ ಮಾತ್ರವಲ್ಲ. ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದ ಬಳಿದ ಸಿಮೆಂಟು ಅಷ್ಟೇ ಚೆನ್ನಾಗಿ ಅಳಿಸುತ್ತದೆ, ಸ್ವಲ್ಪ ನಿಧಾನವಾಗಿ.

ಬಿಡಾರದ ಲೆಕ್ಕ ಸರಳ. ಸುಮಾರು 10 ಅಡಿಗೆ 12 ಅಡಿಯ ಒಂದು ಕೋಣೆ, ಮುಂದೆ ನಾಲ್ಕಡಿ ಅಗಲದ ಜಗಲಿ, ಹಿಂದೆ ಇಳಿಮಾಡಿನ ಕೆಳಗೆ ಒಲೆ. ಪಂಚಾಂಗ, ಅಂದರೆ ಗೋಡೆಯಡಿಯ ಎತ್ತರಿಸಿದ ನೆಲಗಟ್ಟು, ಒಂದೂವರೆ ಎರಡು ಅಡಿ. ಗೋಡೆ ಒಂಟಿಕಲ್ಲಿನದು, ಎಂಟೊಂಬತ್ತು ಇಂಚು ದಪ್ಪ. ಸಂದಿನಲ್ಲಿ ಅದೇ ಗುಡ್ಡೆಯ ಕೆಂಪುಮಣ್ಣಿನ ಗಾರೆ, ಅನುಕೂಲವಿದ್ದರೆ ಹೊರಮೈಗೆ ಚಿಪ್ಪಿ ಸುಣ್ಣ. ನೆಲಕ್ಕೆ ಮಣ್ಣು ಬಡಿದು, ಗೆರಟೆಯ ಕರಿ ಬೆರೆಸಿದ ಸಗಣಿ ಸಾರಿಸಿದ ಕಪ್ಪು ಹೊಳಪು. ಮಾಡಿನ ಅಂಚು ಅಂಗಳದಿಂದ ಐದೂವರೆ ಆರು ಅಡಿಗೇ ಇಳಿದಿರುತ್ತದೆ. ಇದನ್ನು ಬಡತನದ ಗುರುತು ಎಂದುಕೊಳ್ಳುವವರು ಹೆಚ್ಚು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದೂ ಪಡುಗಾಳಿಯ ಜತೆ ಓರೆಯಾಗಿ ಹೊಡೆಯುವ ಊರಿನಲ್ಲಿ ತಗ್ಗಿದ ಮಾಡು ಗೋಡೆಗೆ ಹಿಡಿದ ಕೊಡೆ. 'ತಲೆ ತಾಗುತ್ತದೆ' ಎಂದು ಅದನ್ನು ಎರಡಡಿ ಎತ್ತಿಸಿದ ಮನೆಗಳಲ್ಲಿ ಗೋಡೆಯ ಕೆಳಭಾಗ ಕೆಲವೇ ಮಳೆಗಾಲಗಳಲ್ಲಿ ಹಸಿರು ಹಿಡಿದು ಕರಗತೊಡಗುತ್ತದೆ.

ಮೊದಲು ಮಾಡಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು, ಅದನ್ನು ಹೊರಲು ಅಡಿಕೆ ಮರ ಸೀಳಿದ ದಬ್ಬೆ. ಹಂಚು ಬಂದದ್ದು ಆಮೇಲೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ; ಅದು ಕೂಲಿಯವರ ಬಿಡಾರದ ತನಕ ಇಳಿದು ಬರಲು ಬಹಳ ಕಾಲ ಹಿಡಿಯಿತು. ಹುಲ್ಲಿಗೆ ಬದಲು ಹಂಚು ಹೊದಿಸಿದರೆ ಭಾರ ಎಷ್ಟಾಗುತ್ತದೆಂದು ಒಮ್ಮೆ ಲೆಕ್ಕ ಹಾಕಬೇಕು. ಚಾಚು ಸೇರಿ 20 ಅಡಿಗೆ 18 ಅಡಿಯ ಮಾಡು, 30 ಡಿಗ್ರಿ ಇಳಿಜಾರು ಎಂದಾದರೆ ಹೊದಿಕೆಯ ಮೈ ಸುಮಾರು 415 ಚದರ ಅಡಿ. ಚದರ ಮೀಟರಿಗೆ 15 ಹಂಚಿನಂತೆ 600ರ ಆಸುಪಾಸು, ಒಂದೊಂದು ಎರಡೂವರೆ ಕಿಲೋ ಎಂದರೆ ಒಂದೂವರೆ ಟನ್ನು. ಮಳೆಯಲ್ಲಿ ನೀರು ಕುಡಿದರೆ ಇನ್ನೂ ಮೇಲೆ. ದಬ್ಬೆಯನ್ನು ಹಾಗೆಯೇ ಬಿಟ್ಟು ಹಂಚು ಏರಿಸಿದ ಮಾಡುಗಳ ನಡು ಬಗ್ಗಿರುವುದು ಈ ಕಾರಣಕ್ಕೆ. ಬಗ್ಗಿದ ಕಡೆ ಇಳಿಜಾರು ಕಡಿಮೆಯಾಗುತ್ತದೆ, ಅಲ್ಲೇ ನೀರು ಹಿಂದಕ್ಕೆ ನುಗ್ಗುತ್ತದೆ, ಅಲ್ಲೇ ಹಂಚು ಕೂರುವ ಮರದ ರೀಪು ಕುಂಬಾಗುತ್ತದೆ.

ಇನ್ನು ಕಲ್ಲು. 1800-01ರಲ್ಲಿ ಈ ಕಡೆಯೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದು 1807ರಲ್ಲಿ ಅಚ್ಚಾಯಿತು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಮುರಕಲ್ಲಿಗೆ, ಅಂದರೆ ಈ ಕೆಂಪುಕಲ್ಲಿಗೆ, ಆ ಹೆಸರು ಸುಮ್ಮನೆ ಬಂದದ್ದಲ್ಲ. ನೆಲದಲ್ಲಿರುವಾಗ ಅದು ಕೊಡಲಿಗೆ ಸಿಗುವಷ್ಟು ಮೆದು. ಗಾಳಿಗೆ ಬಂದು ನೀರಾರಿದ ಮೇಲೆ ಒಳಗಿನ ಕಬ್ಬಿಣದ ಅಂಶ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ನೀರಲ್ಲಿಟ್ಟರೂ ಮೊದಲಿನ ಮೆದುವಿಗೆ ಮರಳುವುದಿಲ್ಲ. ಆದ್ದರಿಂದ ಕೋರೆಯಿಂದ ಎತ್ತಿದ ಕಲ್ಲನ್ನು ಆ ವಾರವೇ ಗೋಡೆಗೆ ಇಡಬಾರದು. ಎರಡು ತಿಂಗಳಾದರೂ ಬಿಸಿಲು ಗಾಳಿ ಕಾಣಬೇಕು. ಪದವಿನ (ಗುಡ್ಡೆಯ ಮೇಲಿನ ಬಯಲಿನ) ಮೇಲ್ಪದರ ತೀರ ಗಟ್ಟಿ, ಕೊಡಲಿಯನ್ನು ಮೊಂಡು ಮಾಡುತ್ತದೆ. ಅದರ ಕೆಳಗಿನದು ಕಟ್ಟುವ ಕಲ್ಲು. ಇನ್ನೂ ಇಳಿದರೆ ಶೇಡಿ ಮಣ್ಣಿನ ಪದರ, ಅಲ್ಲಿಗೆ ಕೋರೆ ಮುಗಿಯಿತು. ಕಲ್ಲಿನ ಕೊಳವೆಯಂಥ ತೂತುಗಳಲ್ಲಿ ಬಿಳಿ ಹಳದಿ ಜೇಡಿ ತುಂಬಿಕೊಂಡಿದ್ದರೆ ಅದು ಶೇಡಿಗೆ ಹತ್ತಿರದ ಕಲ್ಲು ಎಂದೇ ಅರ್ಥ. ಮಳೆ ಆ ಜೇಡಿಯನ್ನು ತೊಳೆದ ಮೇಲೆ ಉಳಿಯುವುದು ಜೇನುಗೂಡು. ಇದೇ ಪದರಗಳನ್ನು ಪಿಕ್ಕಾಸಿನಿಂದ ಅಡ್ಡಡ್ಡ ಕೊರೆದು ನೀರು ತಂದವರು ಬಾಯಾರು, ಪಡ್ರೆಗಳ ಸುರಂಗ ತೋಡುವವರು. ಸುರಂಗವನ್ನು ಈಗ ಹೊರಗಿನವರೂ ಬಂದು ನೋಡಿ ಬರೆಯುತ್ತಾರೆ. ಅದನ್ನು ತೋಡಿದ ಕೈಗಳು ಮಲಗುತ್ತಿದ್ದ ಮನೆಗೆ ಆ ಮರ್ಯಾದೆ ಸಿಕ್ಕಿಲ್ಲ.

ಬಲದ ಚಿಂತೆ ಬೇಡ. ಈ ಕಲ್ಲಿನ ಭಾರತೀಯ ಮಾನಕ, ಐಎಸ್ 3620, ಕೇಳುವುದು ಚದರ ಮಿ.ಮೀ.ಗೆ 3.5 ನ್ಯೂಟನ್. ಒಂದಂತಸ್ತಿನ ಬಿಡಾರದ ಗೋಡೆಯ ಬುಡಕ್ಕೆ ಬೀಳುವ ಭಾರ ಅದರ ಇಪ್ಪತ್ತನೇ ಒಂದಂಶವೂ ಅಲ್ಲ. ಅದೇ ಮಾನಕದ ಇನ್ನೊಂದು ಮಾತೇ ಮುಖ್ಯ: ಕಲ್ಲು ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು. ಪರೀಕ್ಷೆಗೆ ಲ್ಯಾಬು ಬೇಕಿಲ್ಲ. ಪೂರ್ತಿ ಒಣಗಿದ ಕಲ್ಲನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೈ ಒರಸಿ ಮತ್ತೆ ತೂಗಿದರಾಯಿತು. 20 ಕಿಲೋದ ಕಲ್ಲು 22.4 ದಾಟಿದರೆ ಅದನ್ನು ಹೊರಗೋಡೆಗೆ ಇಡಬೇಡಿ.

ದುರಸ್ತಿಗೆ ಕೈ ಹಾಕುವ ಮುಂಚೆ ಗೋಡೆಯನ್ನು ಓದಬೇಕು. ಕಲ್ಲಿನ ಮೈಯಲ್ಲಿ ಓರೆ ಓರೆಯಾಗಿ ಬಿದ್ದ ಚಿಕ್ಕ ಕಚ್ಚುಗಳು ಕೊಡಲಿಯವು. ಒಂದೇ ಸಮನಾದ ಬಿಲ್ಲಿನಾಕಾರದ ಗೀರುಗಳಿದ್ದರೆ ಯಂತ್ರದ ಗರಗಸದ್ದು, ಅಂದರೆ ಇತ್ತೀಚೆಗೆ ಸೇರಿಸಿದ ಕಲ್ಲು. ಕಚ್ಚಿನ ಓರೆ ಬಲಗೈಯವರದೋ ಎಡಗೈಯವರದೋ ಎಂಬುದೂ ಕೆಲವೊಮ್ಮೆ ತಿಳಿಯುತ್ತದೆ. ಸಾಲುಗಳ ಎತ್ತರ ಅಳೆದರೆ ಕೈಕಡಿತದ ಕಲ್ಲು ಸಾಲಿಂದ ಸಾಲಿಗೆ ಅರ್ಧ ಇಂಚು ಆಚೀಚೆ ಹೋಗುವುದು ಕಾಣುತ್ತದೆ. ಹಂಚು ತೆಗೆದಾಗ ಅಡಿಮೈಯ ಮುದ್ರೆ ನೋಡಿ. ಬಾಸೆಲ್ ಮಿಷನ್ ಎಂದಿದ್ದರೆ ಅದು ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಹಂಚು, ಯುದ್ಧದ ಬಳಿಕ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗೆಂದು ಹಂಚಿನ ಇಸವಿಯನ್ನೇ ಮನೆಯ ಇಸವಿ ಎಂದು ಬರೆದುಬಿಟ್ಟರೆ ತಪ್ಪುತ್ತೀರಿ. ಧಣಿಗಳ ಮನೆಯ ಮಾಡು ಬದಲಿಸಿದಾಗ ಇಳಿದ ಹಂಚು ಬಿಡಾರಕ್ಕೆ ಏರುವುದು ಸಾಮಾನ್ಯ ಸಂಗತಿ. ಗೋಡೆಯ ತಲೆಯ ಸಾಲಿನಲ್ಲಿ ಹಳೆಯ ದಬ್ಬೆ ಕೂತಿದ್ದ ಗುಳಿಗಳು ಮುಚ್ಚಿಕೊಂಡಿದ್ದರೆ ಆ ಮನೆ ಹುಲ್ಲಿನಿಂದ ಹಂಚಿಗೆ ಬಂದದ್ದಕ್ಕೆ ಅದೇ ಸಾಕ್ಷಿ. ಅಂಗಳದ ಮೂಲೆಯಲ್ಲೋ ತೋಟದ ಬದಿಯಲ್ಲೋ ಚೌಕದ ಗುಂಡಿಯಿದ್ದರೆ, ಅದೀಗ ಗೊಬ್ಬರದ ಗುಂಡಿಯಾಗಿದ್ದರೂ, ಮನೆಯ ಕಲ್ಲು ಎದ್ದದ್ದು ಅಲ್ಲಿಂದಲೇ ಇರಬಹುದು. ಅದನ್ನೂ ನಕ್ಷೆಯಲ್ಲಿ ಗುರುತಿಸಿ. ಮನೆಯನ್ನು ಉಳಿಸಿ ಗುಂಡಿಯನ್ನು ಮುಚ್ಚಿದರೆ ಅರ್ಧ ಪುಟ ಹರಿದಂತೆ.

ಗಾರೆ ಯಾವುದೆಂದು ತಿಳಿಯಲು ಅಡುಗೆಮನೆಯ ವಿನೆಗರ್ ಸಾಕು. ಸಂದಿನ ಒಳಗಿಂದ 50 ಗ್ರಾಂ ತೆಗೆದು ಪುಡಿ ಮಾಡಿ ಮೇಲೆ ಸುರಿಯಿರಿ. ನೊರೆ ಬಾರದಿದ್ದರೆ ಅದು ಬರೀ ಮಣ್ಣು. ನೊರೆ ಬಂದರೆ ಸುಣ್ಣ. ನೊರೆ ನಿಲ್ಲುವ ತನಕ ವಿನೆಗರ್ ಬದಲಿಸುತ್ತಾ ಹೋಗಿ, ಸೋಸಿ, ಉಳಿದ ಮರಳನ್ನು ಒಣಗಿಸಿ ತೂಗಿ. ಕಡಿಮೆಯಾದ ತೂಕದಿಂದ ಹಳಬರು ಹಾಕಿದ ಪಾಕದ ಅಂದಾಜು ಸಿಗುತ್ತದೆ. ಮೊದಲೇ ಸೂಜಿಯಿಂದ ಬಿಳಿ ಚೂರುಗಳನ್ನು ಹೆಕ್ಕಿ ಬೇರೆ ಇಡಬೇಕು. ಅವು ಅರೆಸುಟ್ಟ ಚಿಪ್ಪಿ, ಅವೂ ಕರಗಿ ಲೆಕ್ಕ ತಪ್ಪಿಸುತ್ತವೆ. ಆ ಚೂರುಗಳನ್ನು ಎಸೆಯಬೇಡಿ. ಚಂದ್ರಗಿರಿ, ಶಿರಿಯಾ, ಮೊಗ್ರಾಲು ಹೊಳೆಗಳ ಅಳಿವೆಯ ಮರುವಾಯಿ ಚಿಪ್ಪಿ ಈ ಗೋಡೆಗೆ ಬಂತೆಂಬುದಕ್ಕೆ ಬೇರೆ ಪುರಾವೆ ಏನಿದೆ?

ಈಗ ಸಿಮೆಂಟಿನ ವಿಷಯ. ಹಳೆಯ ಬಿಡಾರಕ್ಕೆ ಸಿಮೆಂಟು ಗಾರೆ ಬಳಿದರೆ ಮೊದಲ ಎರಡು ಮಳೆಗಾಲ ಗೋಡೆ ಚಂದವಾಗಿಯೇ ಇರುತ್ತದೆ. ಅದೇ ಮೋಸ. ಕೆಂಪುಕಲ್ಲು ನೆಲದಿಂದ ನೀರನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ, ಮೊದಲೂ ಎಳೆಯುತ್ತಿತ್ತು. ಆದರೆ ಸುಣ್ಣದ ಮೈಯಿಂದಲೋ ಬರಿ ಕಲ್ಲಿನಿಂದಲೋ ಅದು ಆರಿಹೋಗುತ್ತಿತ್ತು, ಒಂದಡಿ ಎತ್ತರದಲ್ಲೇ ನಿಲ್ಲುತ್ತಿತ್ತು. ಸಿಮೆಂಟು ಬಾಗಿಲು ಹಾಕಿದ ಮೇಲೆ ಆರಲು ದಾರಿಯಿಲ್ಲದೆ ಎರಡು, ಮೂರು ಅಡಿ ಏರುತ್ತದೆ. ಜತೆಗೆ ಬಂದ ಉಪ್ಪು ಗಾರೆಯ ಬೆನ್ನಿಗೆ ಹರಳುಗಟ್ಟಿ ಕಲ್ಲಿನ ಮೈಯನ್ನು ಒಳಗಿಂದ ಒಡೆಯುತ್ತದೆ. ರೂಪಾಯಿ ನಾಣ್ಯದಿಂದ ಗೋಡೆ ತಟ್ಟುತ್ತಾ ಹೋಗಿ. ಡಬಡಬ ಎಂದ ಕಡೆ ಗಾರೆ ಬಿಟ್ಟಿದೆ. ಎಬ್ಬಿಸಿ ನೋಡಿದರೆ ಹಿಂದೆ ಕುಂಕುಮದಂಥ ಪುಡಿ ಸುರಿಯುತ್ತದೆ. ಅದು ಮಣ್ಣಲ್ಲ, ಕಲ್ಲು. ಕೊಡಲಿಯ ಕಚ್ಚುಗಳೆಲ್ಲ ಆ ಪುಡಿಯಲ್ಲೇ ಹೋಗಿರುತ್ತವೆ. ಮಣ್ಣಿನ ಗಾರೆಯ ಗೋಡೆ ಮಳೆಗೂ ಬೇಸಿಗೆಗೂ ಕೂದಲೆಳೆಯಷ್ಟು ಮಿಸುಕುತ್ತದೆ. ಬಿಗಿಯಾದ ಸಿಮೆಂಟು ಮಿಸುಕಲಾರದೆ ಬಿರುಕು ಬಿಡುತ್ತದೆ, ಬಿರುಕಿನೊಳಗೆ ನೀರು, ಟೊಳ್ಳಿನೊಳಗೆ ಒರಲೆ. ಬರಿಗೋಡೆಯಲ್ಲಿ ಒರಲೆ ಹುತ್ತದ ಗೆರೆ ಕಣ್ಣಿಗೆ ಬೀಳುತ್ತಿತ್ತು, ಪೊರಕೆಯಲ್ಲಿ ಗುಡಿಸಿ ಹಾಕುತ್ತಿದ್ದರು. ಗಾರೆಯ ಬೆನ್ನಲ್ಲಿ ಅದು ಗೊತ್ತಾಗದಂತೆ ಮಾಡು ಹೊತ್ತ ಪಕ್ಕಾಸಿನ ತನಕ ಹೋಗುತ್ತದೆ. ಎಮಲ್ಶನ್ ಪೇಂಟಿನ ಕತೆಯೂ ಇದೇ, ದಪ್ಪ ಮಾತ್ರ ಕಡಿಮೆ.

ಉಪ್ಪು ಎಲ್ಲಿಂದ ಎಂದು ಕೇಳುವವರಿದ್ದಾರೆ. ಜನ ಬಿಟ್ಟ ಮೇಲೆ ಬಿಡಾರದಲ್ಲಿ ಏನಿಡುತ್ತೇವೆ ನೋಡಿ: ಯೂರಿಯಾ, ಪೊಟ್ಯಾಶಿನ ಚೀಲಗಳು. ಇಲ್ಲವೆ ಆಡು, ಹಸು. ಗೊಬ್ಬರವೂ ಗಂಜಳವೂ ನೆಲಕ್ಕಿಳಿದು ಗೋಡೆಗೆ ಏರುತ್ತವೆ. ಮನೆಯವರು ನೂರು ಮಳೆಗಾಲ ಕಾಪಾಡಿದ ಗೋಡೆಯನ್ನು ಹತ್ತು ಚೀಲ ಗೊಬ್ಬರ ಮುಗಿಸಬಲ್ಲದು. ಅಡಿಕೆ, ತೆಂಗಿನಕಾಯಿ, ಹತ್ಯಾರು ಏನನ್ನೂ ಇಡಿ; ಗೊಬ್ಬರ ಬೇಡ, ಗೋಡೆಗೆ ಒತ್ತಿ ಸೌದೆಯೂ ಬೇಡ.

ದುರಸ್ತಿ ಶುರುವಾಗಬೇಕಾದ್ದು ಗೋಡೆಯಿಂದಲ್ಲ, ನೀರಿನಿಂದ. ವರ್ಷ ವರ್ಷ ಮಣ್ಣು ಸೇರಿ ಅಂಗಳ ಏರಿ ಪಂಚಾಂಗವನ್ನು ಮುಚ್ಚಿದ್ದರೆ ಮೊದಲು ಅದನ್ನು ಬಿಡಿಸಿ ಇಳಿಸಬೇಕು. ಅಂಗಳಕ್ಕೆ ಕಾಂಕ್ರೀಟೋ ಇಂಟರ್‌ಲಾಕೋ ಹಾಕಿದ್ದರೆ ಮಾಡಿನ ನೀರು ಅದಕ್ಕೆ ಬಡಿದು ಎರಡಡಿ ಎತ್ತರಕ್ಕೆ ಗೋಡೆಗೆ ಎರಚುತ್ತದೆ. ಮಾಡಿನ ಹನಿ ಬೀಳುವಲ್ಲಿ ಒಂದಡಿ ಅಗಲದ ಚರಳುಕಲ್ಲಿನ ಪಟ್ಟಿ ಸಾಕು. ಮಾಡನ್ನು ಸರಿಮಾಡಲು ಸದ್ಯಕ್ಕೆ ಹಣವಿಲ್ಲವೆಂದಾದರೆ ಮೇಲೆ ಶೀಟು ಹಾಕಿಸಿ. ಚಂದವಿಲ್ಲ, ಆದರೆ ನಾಳೆ ಬಿಚ್ಚಿ ತೆಗೆಯಬಹುದು. ಕಬ್ಬಿಣದ ಕಂಬ ಮಾತ್ರ ಗೋಡೆಯ ಮೇಲೆ ಕೂರದೆ ಹೊರಗೆ ನೆಲಕ್ಕೇ ನಿಲ್ಲಬೇಕು.

ಸಿಮೆಂಟು ಎಬ್ಬಿಸುವಾಗ ಬ್ರೇಕರ್ ಯಂತ್ರ ಹಚ್ಚಬೇಡಿ. ಟೊಳ್ಳು ಕೇಳಿಸಿದ ಕಡೆಯಿಂದ ಉಳಿ ಸುತ್ತಿಗೆಯಲ್ಲಿ ಸ್ವಲ್ಪ ಸ್ವಲ್ಪವೇ. ಗಟ್ಟಿಯಾಗಿ ಕಚ್ಚಿಕೊಂಡಿರುವುದನ್ನು ಹಟ ಹಿಡಿದು ತೆಗೆದರೆ ಕಲ್ಲಿನ ಮುಖವೂ ಕಿತ್ತು ಬರುತ್ತದೆ; ಅಂಥದ್ದನ್ನು ಈ ವರ್ಷ ಬಿಟ್ಟುಬಿಡಿ. ತೆರೆದ ಗೋಡೆ ಡಿಸೆಂಬರಿನಿಂದ ಮೇ ತನಕ ಬರಿಮೈಯಲ್ಲಿ ಒಣಗಲಿ. ಮೈಮೇಲೆ ಬರುವ ಬಿಳಿ ಹುಡಿಯನ್ನು ಒಣ ಬ್ರಷ್ಷಿನಿಂದ ತೆಗೆದು ದೂರ ಎಸೆಯಬೇಕು. ನೀರಲ್ಲಿ ತೊಳೆದರೆ ಉಪ್ಪು ಕರಗಿ ಪುನಃ ಒಳಗೇ ಹೋಗುತ್ತದೆ.

ಆ ಹೊತ್ತಿಗೆ ಸುಣ್ಣ ತಯಾರಾಗುತ್ತಿರಲಿ. ನೂರು ಕಿಲೋ ಚೊಕ್ಕ ಚಿಪ್ಪಿ ಸುಮಾರು 900 ಡಿಗ್ರಿಯಲ್ಲಿ ಪೂರ್ತಿ ಬೆಂದರೆ 56 ಕಿಲೋ ಸುಟ್ಟ ಸುಣ್ಣ. ಅದು 18 ಕಿಲೋ ನೀರನ್ನು ತನ್ನೊಳಗೆ ಎಳೆದುಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಮಲಯಾಳದಲ್ಲಿ ಕುಮ್ಮಾಯ ಎನ್ನುವುದು ಇದನ್ನೇ. ಮೊದಲು ನೀರು, ಆಮೇಲೆ ಸುಣ್ಣ. ತಿರುಗಾ ಮುರುಗಾ ಮಾಡಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಪ್ಲಾಸ್ಟಿಕ್ ಡ್ರಮ್ಮು ಬಿಸಿಗೆ ಬಾಗುತ್ತದೆ, ಅಲ್ಯುಮಿನಿಯಮ್ಮನ್ನು ಸುಣ್ಣ ತಿನ್ನುತ್ತದೆ; ಕಬ್ಬಿಣದ ಡ್ರಮ್ಮೋ ಕಲ್ಲು ಕಟ್ಟಿದ ಗುಂಡಿಯೋ ಆಗಬೇಕು. ಅರಳಿದ್ದನ್ನು ಸೋಸಿ, ಮೇಲೆ ಎರಡಿಂಚು ನೀರು ನಿಲ್ಲುವಂತೆ ಮುಚ್ಚಿಡಿ. ಮೂರು ವಾರ ಕನಿಷ್ಠ, ಒಂದು ಮಳೆಗಾಲ ಕಳೆದರೆ ಬೆಣ್ಣೆ. ಆತುರ ಮಾಡಿದರೆ ಅರಳದೆ ಉಳಿದ ಕಾಳುಗಳು ಗೋಡೆಯಲ್ಲಿ ಅರಳಿ ಸಿಡುಬಿನಂತೆ ಗುಳಿ ಎಬ್ಬಿಸುತ್ತವೆ.

ಮರಳು ಹೊಳೆಯದ್ದಾಗಬೇಕು, ಕಡಲಿನದ್ದಲ್ಲ. ಗಾಜಿನ ಲೋಟದಲ್ಲಿ ಮರಳು ನೀರು ಕಲಕಿ ಮೂರು ಗಂಟೆ ಬಿಟ್ಟರೆ ಮೇಲೆ ಕೂತ ಕೆಸರು ನೂರಕ್ಕೆ ಎಂಟು ಪಾಲು ಮೀರಬಾರದು. ನೂರು ಚದರ ಅಡಿ ಗೋಡೆಗೆ 12 ಮಿ.ಮೀ. ದಪ್ಪದ ಒಂದು ಕೋಟು ಬಳಿಯಲು 150 ಲೀಟರ್ ಮರಳು, 50 ಲೀಟರ್ ಸುಣ್ಣದ ಬೆಣ್ಣೆ ಹಿಡಿಯಿರಿ. ಕೆಂಪುಕಲ್ಲಿನ ತೂತುಗಳೇ ಕಾಲು ಪಾಲನ್ನು ನುಂಗುತ್ತವೆ. ಬೇರೆ ನೀರು ಹಾಕಬೇಡಿ. ಗಟ್ಟಿ ಅನ್ನಿಸಿದರೆ ಒನಕೆಯಿಂದ ಇನ್ನಷ್ಟು ಗುದ್ದಿ, ಪೆಟ್ಟಿಗೆ ಅದು ಮೆದುವಾಗುತ್ತದೆ. ಬೆಲ್ಲದ ನೀರು, ಅಣಿಲೆಕಾಯಿಯ ಕಷಾಯ ಬೆರೆಸುವ ಪದ್ಧತಿ ಹಳೆಯದು. ಆದರೆ ಬೆಲ್ಲವೆಂದರೆ ಭಕ್ತಿ ಬಂದು ಹೆಚ್ಚು ಸುರಿಯುವವರಿದ್ದಾರೆ. ಇರುವೆ, ಬೂಷ್ಟು ಎರಡೂ ಹುಡುಕಿಕೊಂಡು ಬರುತ್ತವೆ. ಬಿಡಾರದ ಗೋಡೆಗೆ ಅದಿಲ್ಲದೆಯೂ ನಡೆಯುತ್ತದೆ.

ಕೆಲಸದ ಕಾಲ ಮಳೆ ಕಳೆದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಏಪ್ರಿಲಿನಲ್ಲಿ ಗಾರೆ ಗಟ್ಟಿಯಾಗುವ ಮುಂಚೆ ಒಣಗಿ ಹುಡಿಯಾಗುತ್ತದೆ. ಸುಣ್ಣಕ್ಕೆ ಗಾಳಿಯೂ ಬೇಕು, ಪಸೆಯೂ ಬೇಕು. ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಗೋಡೆ ನೆನೆಸಿ ಬಳಿಯಿರಿ. ಎರಡನೆಯ ಕೋಟು ವಾರದ ಬಳಿಕ, ಹೆಬ್ಬೆರಳ ಉಗುರು ಊರಿದರೆ ಗೆರೆ ಬೀಳಬೇಕು, ಬೆರಳು ಹೂಳಬಾರದು. ಹತ್ತು ದಿನ ಒದ್ದೆ ಗೋಣಿ ತೂಗುಹಾಕಿ. ಕಡೆಗೆ ಹಾಲಿನಷ್ಟು ತೆಳುವಾದ ಸುಣ್ಣ, ಐದು ಸಲ. ಬಳಿಯುವಾಗ ಏನೂ ಕಾಣುವುದಿಲ್ಲ, ಒಣಗಿದಂತೆ ಬಿಳಿಯೇರುತ್ತದೆ. ಮೊದಲ ಸಲವೇ ಬೆಳ್ಳಗಾಗಬೇಕೆಂದು ದಪ್ಪ ಬಳಿದರೆ ಹಪ್ಪಳದಂತೆ ಏಳುತ್ತದೆ. ಮೊದಲೇ ಸುಣ್ಣ ಕಾಣದ, ಬರಿ ಕಲ್ಲಾಗಿಯೇ ಇದ್ದ ಗೋಡೆಯಾದರೆ ಬಳಿಯಲೇ ಬೇಡಿ, ಸಂದು ಮಾತ್ರ ತುಂಬಿ. ಎಷ್ಟು ಅಗತ್ಯವೋ ಅಷ್ಟೇ ಮುಟ್ಟಬೇಕು ಎಂಬ ಈ ಮಾತು ಪಾರಂಪರಿಕ ತಾಣಗಳನ್ನು ಕಾಪಾಡುವ ಕುರಿತ, ಆಸ್ಟ್ರೇಲಿಯದ 1979ರ ಬುರ್ರಾ ಸನ್ನದಿನಲ್ಲಿದೆ. ಬುರ್ರಾ ಎಂಬುದು ತಾಮ್ರದ ಗಣಿಯ ಊರು. ಗಣಿ ಕೆಲಸದವರಿಗೆಂದು 19ನೇ ಶತಮಾನದ ನಡುವೆ ಕಟ್ಟಿದ ಸಾಲುಮನೆಗಳು ಅಲ್ಲಿ ಇವತ್ತಿಗೂ ಇವೆ, ಸ್ಮಾರಕವೆಂದೇ ಲೆಕ್ಕದಲ್ಲಿವೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಬಿಡಾರದಲ್ಲಿ ಈಗ ಇರುವವರು ಸೋರುವ ಮಾಡಿನ ಕೆಳಗೆ ಪರಂಪರೆ ಕಾಯುತ್ತಾ ಕೂತಿರಬೇಕೆಂದಲ್ಲ. ಅಟ್ಯಾಚ್ಡ್ ಬಾತ್‌ರೂಮಿನ ಆಸೆ ಅವರಿಗೂ ಇದೆ, ಇರಬೇಕು. ಕೇರಳ ಸರ್ಕಾರದ ವಸತಿ ಯೋಜನೆಯಾದ ಲೈಫ್ ಮಿಷನ್ನಿನ ಮನೆಯೇ ಮಂಜೂರಾಗಿದ್ದರೆ, ಹತ್ತು ಸೆಂಟ್ಸಿನಲ್ಲಿ ಜಾಗ ಹೊಂದುವುದಾದರೆ, ಹೊಸದು ಪಕ್ಕದಲ್ಲಿ ಏಳಲಿ. ಹಳೆಯದು ಅಡಿಕೆ ಸುಲಿಯುವ ಕೋಣೆಯಾಗಿಯಾದರೂ ನಿಲ್ಲಬಹುದು. ಕೆಡವಲೇಬೇಕಾದರೆ ಒಂದು ದಿನ ತಡೆದು ನಾಲ್ಕು ಗೋಡೆಯ ಫೋಟೋ, ಅಳತೆ, ಗಾರೆಯ ಒಂದು ಮುಷ್ಟಿ, ಮುದ್ರೆಯಿರುವ ಒಂದು ಹಂಚು ತೆಗೆದಿಡಿ. ಬಾಗಿಲ ದಾರಂದವನ್ನು ಸೌದೆಗೆ ಕೊಡಬೇಡಿ. ಆ ಕಲ್ಲನ್ನು ಕಾಂಪೌಂಡಿನ ಬುಡಕ್ಕೆ ತುಂಬಿಸದೆ ಊರಿನ ಇನ್ನೊಂದು ಬಿಡಾರದ ದುರಸ್ತಿಗೆ ಕೊಟ್ಟರೆ ಒಳ್ಳೆಯದು. ದಶಕಗಟ್ಟಲೆ ಗಾಳಿ ಬಿಸಿಲು ಕುಡಿದ ಅಂಥ ಹದದ ಕಲ್ಲು ಯಾವ ಕೋರೆಯಲ್ಲೂ ಸಿಗುವುದಿಲ್ಲ. ಹಾಗೆ ತಂದು ಇಟ್ಟ ಕಲ್ಲಿನ ಒಳಮೈಯಲ್ಲಿ, ಕೋಣೆಯೊಳಗಿಂದ ಕಾಣುವಂತೆ, ಇಟ್ಟ ಇಸವಿಯನ್ನು ಉಳಿಯಿಂದ ಚಿಕ್ಕದಾಗಿ ಕೆತ್ತಿಬಿಡಿ. ಕೆತ್ತಿದವರ ಹೆಸರನ್ನೂ.